ರಂಗೂನಿಗೆ ಹಲ್ಲುಪುಡಿಯಾಗಿ ಹೋದ ಮಣ್ಣು

ಕುರುಗೋಡು, ಬುಧವಾರ

ನಮ್ಮ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಅದಕ್ಕೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತೇವೆ. ಮಣ್ಣಿಗೆ ಹೋದವರು ಕುಣಿಯೊಳಗೆ ಒಂದು ಹಿಡಿ ಮಣ್ಣು ಕೊಟ್ಟು, ನೆಟ್ಟಗೆ ಮನೆಗೆ ಬಂದು ಸ್ನಾನ ಮಾಡುತ್ತಾರೆ. ದಾರಿಯಲ್ಲಿ ಅಂಗಡಿ ಮುಂದೆ ನಿಲ್ಲುವುದಿಲ್ಲ, ನೆಂಟರ ಮನೆ ಹೊಗುವುದಿಲ್ಲ, ಎದ್ದು ಬರುವಾಗ 'ಬರ್ತೀವಿ' ಎಂದು ಹೇಳುವುದಿಲ್ಲ.

ನಾನು ಏಳು ವರ್ಷ ತಡವಾಗಿ ನಮ್ಮಣ್ಣನ ಮಣ್ಣಿಗೆ ರಂಗೂನಿಗೆ ಹೋಗಿದ್ದೆ. ಅಲ್ಲಿ ಅಂಗಡಿ ಬೀದಿ ಸುತ್ತಿದೆ, ಬಂಗಾರದ ಗುಡಿ ನೋಡಿದೆ, ಸೈಕಲ್ ಗಾಡಿಯಲ್ಲಿ ಮೆರೆದೆ. ಈಗ ಬಳ್ಳಾರಿಯಲ್ಲಿ ನಾನು ಗುಮಾಸ್ತನಾಗಿರುವ ಹತ್ತಿ ಜಿನ್ನಿನಲ್ಲಿ ಎಲ್ಲರೂ ಕೇಳುವುದು 'ಊರು ಹೆಂಗೈತಿ' ಎಂದೇ. ಹೇಳುತ್ತೇನೆ. ಆದರೆ ಆ ಊರನ್ನು ನಾನು ನೋಡಿದ್ದು ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುತ್ತ. ಅವನನ್ನು ಬಿಟ್ಟು ಊರನ್ನಷ್ಟೇ ಹೇಳಲು ನನಗೆ ಬರುವುದಿಲ್ಲ.

ಅವನ ಹೆಸರು ರಸೂಲ್, ಊರು ಸಿರುಗುಪ್ಪ. ಈಗ ತುಂಗಭದ್ರಾ ಅಣೆಕಟ್ಟಿಗೆ ಕಲ್ಲು ಹೊರುವ ಲಾರಿ ನಡೆಸುತ್ತಾನೆ. ಯುದ್ಧದಲ್ಲಿ ನಮ್ಮಣ್ಣ ಈರಣ್ಣನೂ ಇವನೂ ಒಂದೇ ಪಡೆಯ ಲಾರಿ ಡ್ರೈವರುಗಳು. ಬರ್ಮಾದ ನಡುಸೀಮೆಯ ಒಂದು ರಸ್ತೆಯಲ್ಲಿ ಅಣ್ಣನ ಲಾರಿ ನೆಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೇಲೆ ಹಾಯಿತು. ಹಿಂದಿನ ಲಾರಿ ರಸೂಲನದು. ಹಿಂದೂ ಸಿಪಾಯಿ ಎಂದು, ಸತ್ತ ಉಳಿದವರ ಜೊತೆ ಅಣ್ಣನನ್ನೂ ಸುಡಲು ಕಟ್ಟಿಗೆ ಒಟ್ಟಿದ್ದರಂತೆ. ರಸೂಲ್ ಸುಬೇದಾರನಿಗೆ ಅಡ್ಡ ನಿಂತ. "ಇಂವ ಸುಡೋ ಪೈಕಿ ಅಲ್ರಿ, ನಮ್ಮಂಗ ಹೂಳೋ ಪೈಕಿ" ಎಂದು ಜಗಳಾಡಿ, ತಾನೇ ಕುಣಿ ತೋಡಿ, ಅಣ್ಣನನ್ನು ಕೂಡ್ರಿಸಿ, ಎಡಗೈಯಲ್ಲಿ ಲಿಂಗ ಇಟ್ಟ. ವಿಭೂತಿ ಇರಲಿಲ್ಲ, ಒಲೆಯ ಬೂದಿ ಹಚ್ಚಿದ. ಮೂರು ಹಿಡಿ ಮಣ್ಣು ಕೊಟ್ಟ.

ಯುದ್ಧ ಮುಗಿದ ಮೇಲೆ ಬಂದು ಇದನ್ನೆಲ್ಲ ನಮ್ಮವ್ವನ ಮುಂದೆ ಕೂತು ಹೇಳಿದ. ಅಂದಿನಿಂದ ಅವನು ನಮ್ಮ ಮನೆಗೆ ಹಿರಿಮಗ. ತಿಂಗಳಿಗೊಮ್ಮೆ ಸಿರುಗುಪ್ಪದ ಅಕ್ಕಿ ತರುತ್ತಾನೆ. ಅವ್ವ ಅವನಿಗೆ ಬಿಸಿ ರೊಟ್ಟಿ ಹಾಕುತ್ತಾಳೆ, ನನಗೆ ಮಧ್ಯಾಹ್ನದ್ದು. ಅಣ್ಣ ತೀರಿಹೋದ ವರ್ಷ ನಾನು ಬಳ್ಳಾರಿಯಲ್ಲಿ ಹೈಸ್ಕೂಲು ಓದುತ್ತಿದ್ದೆ. ಒಡಹುಟ್ಟಿದವನು ಕೊಡಬೇಕಾದ ಮೊದಲ ಹಿಡಿ ಮಣ್ಣನ್ನು ಈ ಮನುಷ್ಯ ಕೊಟ್ಟುಬಿಟ್ಟಿದ್ದ.

ಹೋದ ವರ್ಷ ಸರಕಾರದ ಕಾಗದ ಬಂತು. ಅಲ್ಲಲ್ಲಿ ಹೂತಿದ್ದ ಸಿಪಾಯಿಗಳನ್ನೆಲ್ಲ ರಂಗೂನಿನ ಹೊರಗೆ ಒಂದೇ ಜಾಗಕ್ಕೆ ತಂದಿದ್ದಾರೆ, ಈರಣ್ಣನ ಸಮಾಧಿಯೂ ಅಲ್ಲಿದೆ ಎಂದು. ನಾನು ಓದಿ ಹೇಳಿದೆ. ಅವ್ವ ನನ್ನನ್ನು ಬಿಟ್ಟು ರಸೂಲನ ಮುಖ ನೋಡಿದಳು.

"ತಂದಿರತಾರ ಬೇ. ಕುಂತಾಂವನ್ನ ಕುಂತಂಗ ಎತ್ತಿಕೊಂಡು ಬಂದಿರತಾರ" ಎಂದ ಅವನು.

ಅವ್ವ ಮರುದಿನವೇ ಹೊಲದಿಂದ ಎರೆಮಣ್ಣು ತಂದು, ಹಿಟ್ಟಿನ ಜರಡಿಯಲ್ಲಿ ಹಿಡಿದು, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದಳು. ನಾವಿಬ್ಬರೂ ರಂಗೂನಿಗೆ ಹೊರಡುವ ಬುಧವಾರ ಗಂಟನ್ನು ರಸೂಲನ ಕೈಗೆ ಕೊಟ್ಟಳು.

"ನಾನಽ ಇಟ್ಕೊಂತೀನಿ, ತಾ ಬೇ" ಎಂದೆ.

"ಅಂವಗ ಕೊಟ್ಟು ಗೊತ್ತೈತಿ. ನಿನಗೇನು ಗೊತ್ತೈತಿ?" ಎಂದಳು. "ಅಣ್ಣಾ ಅಂತ ಕರಿ ಅವಗ. ಬಾಯೇನು ಸವೆಯೂದಿಲ್ಲ."

ನಾನು 'ಸಾಬ್ರೆ' ಎಂದೇ ಕರೆದೆ. ಆ ಗಂಟನ್ನು ಬಿಚ್ಚಿ ಮೊದಲ ಹಿಡಿ ನಾನೇ ಕೊಡಬೇಕು ಎಂದು ಅಂದೇ ನಿಶ್ಚಯ ಮಾಡಿಕೊಂಡೆ.

ಹಡಗಿನ ಮೇಲೆ

ಮದರಾಸಿನಿಂದ ಹೊರಟ ಹಡಗಿನ ಬಯಲು ಅಟ್ಟದ, ಅಂದರೆ ಡೆಕ್ಕಿನ, ಮೇಲೆ ಚಾಪೆ ಹಾಸಿಕೊಂಡು ನೂರಾರು ಜನ. ಬಹುಪಾಲು ತೆಲುಗರು, ತಮಿಳರು. ಅವರ ಕೋಳಿಗಳು, ಉಪ್ಪಿನಕಾಯಿ ಜಾಡಿಗಳು, ಒಂದು ಹಾರ್ಮೋನಿಯಂ. ಮೊದಲ ದಿನ ನಾನು ತಲೆ ಎತ್ತಲಿಲ್ಲ. ಹೊಟ್ಟೆಯಲ್ಲಿದ್ದ ಬಳ್ಳಾರಿಯ ಅನ್ನವನ್ನೆಲ್ಲ ಸಮುದ್ರಕ್ಕೆ ಕೊಟ್ಟೆ. ರಸೂಲ್ ನಿಂಬೆಹಣ್ಣು ಹಿಡಿದು ಪಕ್ಕದಲ್ಲಿ ಕೂತಿದ್ದ.

"ನಮ್ಮ ಈರಣ್ಣನೂ ಹಿಂಗ. ಹಡಗು ಬಿಡೂಕಿಂತ ಮೊದಲ ಶುರು ಮಾಡ್ಯಾನ."

ಸ್ವಲ್ಪ ಹೊತ್ತಿಗೆ, "ನಮ್ಮ ಈರಣ್ಣ ನಿಂಬೆಹಣ್ಣು ಸಿಪ್ಪಿ ಸಮೇತ ತಿನ್ನಾಂವ."

ನನಗೆ ದಿನಚರಿ ಬರೆಯುವ ಅಭ್ಯಾಸ ಚಿಕ್ಕಂದಿನಿಂದಲೂ ಇದೆ. ತಾರೀಖು, ವಾರ, ಮಳೆ, ಎಮ್ಮೆಯ ಹಾಲು, ಎಲ್ಲದರ ಲೆಕ್ಕ ಇಡುತ್ತೇನೆ. ಎರಡನೆಯ ದಿನ ತಲೆ ಎತ್ತುವಂತಾದ ಕೂಡಲೇ ಹೊಸ ಪುಟ ತೆಗೆದು, ಅವನು 'ನಮ್ಮ ಈರಣ್ಣ' ಎಂದಾಗಲೆಲ್ಲ ಒಂದು ಗೀಟು ಎಳೆಯತೊಡಗಿದೆ. ಮಧ್ಯಾಹ್ನದೊಳಗೆ ಹದಿನೇಳು ಗೀಟು. ಅಷ್ಟು ಕಥೆಗಳಲ್ಲಿ ಒಂದರಲ್ಲೂ ನನ್ನ ಹೆಸರಿರಲಿಲ್ಲ. ಮೂರು ವರ್ಷ ಒಟ್ಟಿಗಿದ್ದವರು. ಅಣ್ಣ ಒಂದು ಸಲವಾದರೂ ನನ್ನ ನೆನೆಯಲಿಲ್ಲವೇ? ಕೇಳಬಹುದಿತ್ತು. ಆದರೆ ನನ್ನಣ್ಣ ನನ್ನ ಬಗ್ಗೆ ಏನೆಂದ ಎಂಬುದನ್ನೂ ಇವನಿಂದ ಇಸಿದುಕೊಳ್ಳಬೇಕೇ ಎಂದು ಸುಮ್ಮನಾದೆ.

"ಶಾನಭೋಗ್ರ, ಏನು ಗೀಚಾಕತ್ತೀರಿ?" ಎಂದು ಬಗ್ಗಿ ನೋಡಿದ. ಅವನಿಗೆ ಓದಲು ಬರುವುದು ಉರ್ದು ಮಾತ್ರ. ಊರ ಲೆಕ್ಕ ಬರೆಯುವ ಶಾನುಭೋಗನಿಗೆ ನನ್ನನ್ನು ಹೋಲಿಸಿ ಆಡಿಕೊಳ್ಳುತ್ತಿದ್ದಾನೆಂದು ಮೈ ಉರಿಯಿತು.

"ಕಂಡ ಹಡಗಿನ ಲೆಕ್ಕರಿ" ಎಂದೆ.

ಅಂದಿನಿಂದ ಅವನಿಗೆ ಅದೇ ಕೆಲಸ. ಬಿಸಿಲಿಗೆ ಕೈ ಅಡ್ಡ ಹಿಡಿದು ಸಮುದ್ರವನ್ನೆಲ್ಲ ಜಾಲಾಡಿ, "ಶಾನಭೋಗ, ಅಕಾ ಅಲ್ಲಿ, ಹೊಗಿ ಕಾಣಾಕತ್ತೈತಿ, ಬರ್ಕೊ" ಎನ್ನುವನು. ರಂಗೂನು ನದಿಯ ಕೆಸರು ನೀರು ಬರುವ ಹೊತ್ತಿಗೆ ನಾವು ಕಂಡ ಹಡಗು ಎರಡು. ಗೀಟು ಒಂದು ಪುಟ ತುಂಬ. ಅವನು ಪುಟ ನೋಡಿದ, ಸಮುದ್ರ ನೋಡಿದ, ಮತ್ತೆ ಪುಟ ನೋಡಿದ.

ರಂಗೂನಿನ ಬಂದರು

ಕಟ್ಟೆಯ ಮೇಲೆ ಒಂದು ಹಲಗೆ. ಗಿಡ, ಬೀಜ, ಮಣ್ಣು ತರಕೂಡದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ರಸೂಲನಿಗೆ ಹೇಳುವಷ್ಟರಲ್ಲಿ ನಮ್ಮ ಸರದಿ ಬಂತು. ತೆಳ್ಳನೆಯ ಬರ್ಮಿ ಅಧಿಕಾರಿ ಅವನ ಟ್ರಂಕಿನಿಂದ ಗಂಟು ಎತ್ತಿ, ಬಿಚ್ಚಿ, ಹಿಂದೂಸ್ತಾನಿಯಲ್ಲಿ ಇದೇನೆಂದು ಕೇಳಿದ.

ನಾನು ಸತ್ಯ ಹೇಳಲು ಬಾಯಿ ತೆರೆದಿದ್ದೆ. ಹೇಳಿದ್ದರೆ ಗಂಟು ನದಿಗೆ ಹೋಗುತ್ತಿತ್ತು.

"ಹಲ್ಲುಪುಡಿ, ಸಾಹೇಬ್" ಎಂದ ರಸೂಲ್.

ನಮ್ಮ ಕಡೆ ಇದ್ದಲಿ ಅರೆದು ಹಲ್ಲು ತಿಕ್ಕುವುದುಂಟು. ಜರಡಿ ಹಿಡಿದ ಎರೆಮಣ್ಣು ಥೇಟ್ ಹಾಗೇ ಕಾಣುತ್ತಿತ್ತು. ಅಧಿಕಾರಿ ಮೂಸಿ ನೋಡಿದ, ನಂಬಲಿಲ್ಲ. ಹಲ್ಲುಪುಡಿಯಾದರೆ ತಿಕ್ಕಿ ತೋರಿಸು ಎಂದ.

ರಸೂಲ್ ತೋಳು ಮಡಚಿದ. ಬೆರಳಿನ ತುದಿಗೆ ಮಣ್ಣು ಹತ್ತಿಸಿಕೊಂಡು ಮೇಲಿನ ಸಾಲು, ಕೆಳಗಿನ ಸಾಲು, ಹಿಂದಿನ ದವಡೆ, ಒಂದನ್ನೂ ಬಿಡದೆ ಹಿತ್ತಲ ಕಲ್ಲಿನ ಮೇಲೆ ಕೂತವನ ಹಾಗೆ ನಿಧಾನವಾಗಿ ತಿಕ್ಕಿದ. ಉಗುಳಲಿಲ್ಲ. ನುಂಗಿ, ನಕ್ಕ. ಬಾಯೆಲ್ಲ ಕಪ್ಪು.

"ಮೊದಲಿಗಿಂತ ಕರ್ರಗಾಯಿತಲ್ಲ" ಎಂದ ಅಧಿಕಾರಿ.

"ನಾಳೆ ನೋಡ್ರಿ ಸಾಹೇಬ್, ಮುತ್ತು."

ಅಧಿಕಾರಿ ನಗುತ್ತ ಗಂಟಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದ. ಹೊರಗೆ ಬಂದ ಮೇಲೆ ರಸೂಲ್ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, "ನಿಮ್ಮ ಹೊಲದಾಗ ಒಂಚೂರು ಉಪ್ಪಿನ ಅಂಶ ಐತಿ ನೋಡು ತಮ್ಮಾ" ಎಂದ.

ನಾನು ಹುಟ್ಟಿದ ಹೊಲ. ಅದರ ರುಚಿಯೂ ಇವನಿಗೇ ಮೊದಲು ಗೊತ್ತಾಯಿತು. ಆ ದಿನದ ಪುಟದಲ್ಲಿ ನಾನು ತಾರೀಖು ಬಿಟ್ಟು ಬೇರೇನೂ ಬರೆಯಲಿಲ್ಲ.

ತೆಲುಗರ ಓಣಿ

ಸಮಾಧಿಯ ಜಾಗ ಊರಿನಿಂದ ಉತ್ತರಕ್ಕೆ ಹತ್ತಿಪ್ಪತ್ತು ಮೈಲು. ಆಗ ಆ ದೇಶದಲ್ಲಿ ಒಳಜಗಳ. ದಾರಿಯಲ್ಲಿ ಬಂದೂಕಿನವರ ಭಯವಿತ್ತು. ಬಸ್ಸು ಮಂಗಳವಾರವೇ ಎಂದರು. ನಾವು ಇಳಿದದ್ದು ಊರು ಬಿಟ್ಟ ಮರುವಾರದ ಶನಿವಾರ. ಮಣ್ಣಿಗೆ ಬಂದವರು ಮಣ್ಣು ಕೊಡುವ ಮೊದಲು ಎರಡು ದಿನ ಊರು ನೋಡುವುದೇ?

"ಕ್ವಾಣ್ಯಾಗ ಕುಂತು ಏನು ಮಾಡ್ತಿ?" ಎಂದ ರಸೂಲ್. "ರಂಗೂನ್ ನೋಡೂದು ನಮ್ಮ ಈರಣ್ಣನ ಆಸೆ. ಇಲ್ಲಿಗೆ ಬಂದು ಮುಟ್ಟೂಕಿಂತ ಮೊದಲ ಹೋಗಿಬಿಟ್ಟ. ಅಂವ ನೋಡದಿದ್ದದ್ದನ್ನ ನೋಡಿಕೊಂಡು ಹೋಗಿ ಅಂವಗ ಹೇಳಬೇಕಲ್ಲ."

ಒಂದು ಗೀಟು ಎಳೆದು ಚಪ್ಪಲಿ ಮೆಟ್ಟಿಕೊಂಡೆ.

ನಾವು ಇಳಿದುಕೊಂಡದ್ದು ತೆಲುಗರ ಓಣಿಯ ಒಂದು ಊಟದ ಮನೆಯಲ್ಲಿ. ನನಗೆ ತೆಲುಗು ಚೆನ್ನಾಗಿ ಬರುತ್ತದೆ. ಇಲ್ಲಿಯಾದರೂ ನಾನು ಮುಂದೆ, ಅವನು ಹಿಂದೆ ಎಂದುಕೊಂಡಿದ್ದೆ. ಮನೆಯ ಯಜಮಾನಿ ನನ್ನ ಒಂದು ಮಾತು ಕೇಳಿ ನಕ್ಕುಬಿಟ್ಟಳು. ಅವಳದು ಕಡಲ ಸೀಮೆಯ ತೆಲುಗು. ನನ್ನದು ಪುಸ್ತಕ ಓದಿದ ಹಾಗಿದೆಯಂತೆ. ರಸೂಲ್ ಒಂದೇ ಸಂಜೆಗೆ ಅವಳಂತೆ ರಾಗ ಎಳೆಯತೊಡಗಿ, ಎರಡನೆಯ ಸಲ ಸಾರು ಹಾಕಿಸಿಕೊಂಡ.

"ಅಣ್ಣ ತಮ್ಮಂದಿರಾ?" ಎಂದು ಕೇಳಿದಳು.

ಅವನು ಹೌದು ಎಂದ. ಅದೇ ಕ್ಷಣ ನಾನು ಅಲ್ಲ ಎಂದೆ. ಅವಳು ನಮ್ಮಿಬ್ಬರನ್ನೂ ನೋಡಿ, "ಹಾಗಾದರೆ ಅಣ್ಣ ತಮ್ಮಂದಿರೇ" ಎಂದು ಒಳಗೆ ಹೋದಳು.

ಆ ಊರಿನ ಹೆಂಗಸರು ಕೆನ್ನೆಗೆ ಹಳದಿ ಗಂಧ ಹಚ್ಚಿಕೊಂಡು, ಗೇಣುದ್ದದ ಚುಟ್ಟ ಸೇದುತ್ತ, ಅಂಗಡಿಯಲ್ಲಿ ರಾಣಿಯರ ಹಾಗೆ ಕೂತಿರುತ್ತಾರೆ. ಗಂಡಸರು ನಡು ಬೀದಿಯಲ್ಲಿ ನಿಂತು ಲುಂಗಿ ಬಿಚ್ಚಿ ಕೊಡವಿ ಮತ್ತೆ ಕಟ್ಟುತ್ತಾರೆ. ಯಾರೂ ನೋಡುವುದಿಲ್ಲ. ಚಹಾದ ಎಲೆಯನ್ನು ಕುದಿಸಿ ಕುಡಿಯುವುದಲ್ಲದೆ ಎಣ್ಣೆ, ಬೆಳ್ಳುಳ್ಳಿ ಕಲಸಿ ಪಲ್ಯದಂತೆ ತಿನ್ನುತ್ತಾರೆ. ದಾರಿಯುದ್ದಕ್ಕೂ ಮನೆಗಳ ಮುಂದೆ ಪುಟ್ಟ ಚಪ್ಪರದಡಿ ಮಣ್ಣಿನ ಕೊಡದಲ್ಲಿ ನೀರಿಟ್ಟಿರುತ್ತಾರೆ. ನಮ್ಮಲ್ಲಿ ಬೇಸಿಗೆಗೆ ಮಾತ್ರ ಅರವಟ್ಟಿಗೆ, ಅವರಿಗೆ ವರ್ಷವೆಲ್ಲ.

ಭಾನುವಾರ ಒಂದು ಚಹಾದಂಗಡಿಯಲ್ಲಿ ಕೂತಿದ್ದೆವು. ನನ್ನ ಬೆನ್ನ ಹಿಂದೆ ಯಾರೋ ಲೊಚಲೊಚ ಮುದ್ದಿಟ್ಟ ಸದ್ದು. ತಿರುಗಿದರೆ ಮೀಸೆ ಹೊತ್ತ ಗಂಡಸು ನನ್ನತ್ತಲೇ ತುಟಿ ಮುಂದೆ ಮಾಡಿ ಕೂತಿದ್ದಾನೆ. ನಾನು ಎದ್ದು ನಿಂತು ಕನ್ನಡದಲ್ಲೇ ಬೈದೆ. ರಸೂಲ್ ನನ್ನ ಅಂಗಿ ಹಿಡಿದು ಕೂಡಿಸಿದ.

"ಲೇ, ಕುಂದರೋ. ಅಂವ ಚಾ ಕೊಡಾವನ್ನ ಕರಿಯಾಕತ್ತಾನ. ಇಲ್ಲಿ ಹಂಗಽ ಕರಿಯೂದು. ನಮ್ಮ ಈರಣ್ಣ ಇದನ್ನ ಕಲತು, ಸಿರುಗುಪ್ಪದ ಬಸ್‌ಸ್ಟ್ಯಾಂಡಿನಾಗ ಹಿಂಗಽ ಕರೀತೀನಿ ಅಂತಿದ್ದ. ಕರಿ, ಬಡಿಸ್ಕೊಂತಿ ಅಂದಿದ್ದೆ."

ಮೀಸೆಯವನು ನನ್ನ ಚಹಾಕ್ಕೂ ತಾನೇ ದುಡ್ಡು ಕೊಟ್ಟು ಹೋದ.

ಆ ಊರಿನ ಸೈಕಲ್ ಗಾಡಿಯಲ್ಲಿ ಇಬ್ಬರು ಕೂರುವುದು ಬೆನ್ನಿಗೆ ಬೆನ್ನು ಕೊಟ್ಟು. ಒಬ್ಬನ ಮುಖ ಮುಂದೆ, ಒಬ್ಬನದು ಹಿಂದೆ. ರಸೂಲ್ ಹತ್ತಿ ಮುಂದೆ ಕೂತ. ನನಗೆ ಸಿಕ್ಕಿದ್ದು ಹಿಂದಿನ ಸೀಟು. "ಅಬಬ, ಏನು ಕೆರಿ" ಎನ್ನುವನು. ನಾನು ಕಾಯಬೇಕು. ಅವನು ನೋಡಿ ಮುಗಿಸಿದ ಮೇಲೆ ಕೆರೆ ನನ್ನ ಪಕ್ಕಕ್ಕೆ ಬರುವುದು, ಆಮೇಲೆ ದೂರ ಹೋಗುವುದು. ಅಣ್ಣನ ಬದುಕೂ ನನಗೆ ಕಂಡದ್ದು ಹೀಗೆಯೇ ಎಂದು ಬೆನ್ನಿಗೆ ಅವನ ಬೆನ್ನು ತಾಗಿದಾಗಲೆಲ್ಲ ಅನಿಸುತ್ತಿತ್ತು. ಮರಳುವಾಗ ಓಡಿ ಹೋಗಿ ಮುಂದಿನ ಸೀಟು ಹಿಡಿದೆ. ಗಾಡಿಯವನು ಗುಂಡಿಗೆ ಇಳಿಸಿದ. ಕೊಚ್ಚೆ ನೀರು ಹಾರಿದ್ದು ಮುಂದೆ ಕೂತವನ ಮುಖಕ್ಕೇ.

ಬಂಗಾರದ ಗುಡಿ, ಸೋಮವಾರ

ಬಂಗಾರ ಹೊದಿಸಿದ ಆ ಗುಡಿ ಊರಿನ ಯಾವ ಮೂಲೆಯಿಂದಲೂ ಕಾಣುತ್ತದೆ. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಡಬೇಕು. ಮೇಲಿನ ಹಾಸುಗಲ್ಲು ಮಧ್ಯಾಹ್ನದ ಬಿಸಿಲಿಗೆ ಹಂಪಿಯ ಬಂಡೆಯಂತೆ ಕಾದಿತ್ತು. ಅಲ್ಲಿನ ಜನ ಮೆಲ್ಲಗೆ ನಡೆಯುತ್ತಿದ್ದರು, ನಾವಿಬ್ಬರು ಕುಣಿಯುತ್ತಿದ್ದೆವು.

ಗುಡಿಯ ಸುತ್ತ ಒಂದೊಂದು ವಾರಕ್ಕೆ ಒಂದೊಂದು ಮೂಲೆ. ಯಾವ ವಾರ ಹುಟ್ಟಿದಿರೋ ಆ ಮೂಲೆಯ ಮೂರ್ತಿಗೆ ನೀರೆರೆಯಬೇಕು. ಆ ದೇಶದಲ್ಲಿ ತನ್ನ ಹುಟ್ಟಿದ ವಾರ ಗೊತ್ತಿಲ್ಲದವನು ಇಲ್ಲವಂತೆ. ನೀರು ಕೊಡುವ ಮುದುಕಿ ನಮ್ಮನ್ನೂ ಕೇಳಿದಳು.

ಕೊನೆಗೂ ನನ್ನ ವಿದ್ಯೆಗೆ ಒಂದು ಊರು ಸಿಕ್ಕಿತು. ನಮ್ಮ ಮನೆಯ ಎಲ್ಲರ ಹುಟ್ಟಿದ ವಾರ ನನಗೆ ಬಾಯಿಪಾಠ. ನನ್ನದು ಶುಕ್ರವಾರ, ಎರೆದೆ. ಆಮೇಲೆ ಬಟ್ಟಲು ತುಂಬಿಕೊಂಡು ಸೋಮವಾರದ ಮೂಲೆಗೆ ಹೋದೆ. ಅಲ್ಲಿ ಕಾವಲಿಗೆ ಒಂದು ಹುಲಿ.

"ಇದ್ಯಾರದು?" ಎಂದ ರಸೂಲ್.

"ಅಣ್ಣಂದು. ಅಂವ ಹುಟ್ಟಿದ್ದು ಸೋಮವಾರ. ನಿಮಗ ಗೊತ್ತಿಲ್ಲೇನ್ರಿ ಸಾಬ್ರೆ?"

"ಇಲ್ಲೋ ತಮ್ಮ. ಹೇಳೇ ಇಲ್ಲ."

ಎಷ್ಟು ಸಂತೋಷವಾಯಿತೆಂದರೆ ನಾನು ಏಳು ಬಟ್ಟಲು ನೀರು ಎರೆದೆ. ಕಣ್ಣಂಚಿನಲ್ಲಿ ನೋಡಿದೆ. ರಸೂಲ್ ತುಂಬಿದ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದ. ಮುದುಕಿ ಅವನನ್ನು ಮತ್ತೆ ಕೇಳಿದಳು.

"ನಾ ಹುಟ್ಟಿದ ವಾರ ನಮ್ಮವ್ವಗೂ ಗೊತ್ತಿಲ್ಲ" ಎಂದ. "ಹೊಳಿ ಬಂದಿತ್ತು ಅಂತಾಳ, ಅಷ್ಟಽ."

ಮೂಲೆಯಿಂದ ಮೂಲೆಗೆ ನೋಡಿದ. ಆಮೇಲೆ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತನ್ನ ನೀರನ್ನೂ ಸೋಮವಾರಕ್ಕೇ ಸುರಿದ. ನನ್ನ ಸಂತೋಷ ಅಲ್ಲಿಗೆ ಇಳಿಯಿತು. ಆ ಒಂದು ಮೂಲೆಯಾದರೂ ನನ್ನದಾಗಿ ಉಳಿಯಬಾರದಿತ್ತೇ?

ಸಮಾಧಿಯ ತೋಟ, ಮಂಗಳವಾರ

ಬಸ್ಸಿನಲ್ಲಿ ರಸೂಲ್ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದಾರಿಯುದ್ದಕ್ಕೂ ಅವನು ಒಂದು ಸಲವೂ 'ನಮ್ಮ ಈರಣ್ಣ' ಎನ್ನಲಿಲ್ಲ. ಪುಟ ಖಾಲಿ.

ಜಾಗ ಹೊಸದು. ಹುಲ್ಲು ಇನ್ನೂ ತೇಪೆ ತೇಪೆಯಾಗಿ ಹತ್ತುತ್ತಿತ್ತು. ಸಾಲು ಸಾಲಾಗಿ ಹೆಸರಿನ ಫಲಕಗಳು, ನಡುವೆ ಗುಲಾಬಿ ಗಿಡಗಳು. ಅಚ್ಚುಕಟ್ಟೆಂದರೆ ಇದು. ನನ್ನಂಥವನು ಮೆಚ್ಚಬೇಕಾದ ಜಾಗ. ಆದರೆ ಸಾಲಿನ ತುದಿಯಲ್ಲಿ 'ಈರಣ್ಣ' ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಓದಿದಾಗ ನನಗೆ ಲೆಕ್ಕವೆಲ್ಲ ಮರೆತುಹೋಯಿತು. ಅಣ್ಣ ಇಂಗ್ಲಿಷಿನಲ್ಲಿ ಸಹಿ ಹಾಕಲು ನನ್ನ ಹತ್ತಿರವೇ ಕಲಿತಿದ್ದ.

ಗಿಡಗಳಿಗೆ ನೀರು ಹಾಕುತ್ತಿದ್ದ ಮಾಲಿ ತೆಲುಗಿನವನು. ಹತ್ತಿರ ಬಂದು "ಎಕ್ಕಡ ನುಂಚಿ ಬಾಬೂ?" ಎಂದ. ಬಳ್ಳಾರಿ ಎಂದೆ. ರಸೂಲ್ ಫಲಕದ ಮುಂದೆ ಕುಕ್ಕರುಗಾಲಲ್ಲಿ ಕೂತು, ನೆಲದ ಉದ್ದ ಅಗಲ ನೋಡುತ್ತಿದ್ದ.

"ಇದು ಮಲಗಿದವರ ಅಳತಿ" ಎಂದ. ಆಮೇಲೆ ತೆಲುಗಿನಲ್ಲಿ ಮಾಲಿಯನ್ನು ಕೇಳಿದ. "ಕೂಡ್ರಿಸಿದ್ದಾರೋ, ಮಲಗಿಸಿದ್ದಾರೋ?"

ಮಾಲಿಗೆ ಅರ್ಥವಾಗಲಿಲ್ಲ. ಕೂಡ್ರಿಸುವುದೇನು? ಮೇಲಿನ ಸೀಮೆಯಿಂದ ಬಂದವರದು ಎಲುಬು ಮಾತ್ರ. ಬಟ್ಟೆಯಲ್ಲಿ ಸುತ್ತಿ, ಚಿಕ್ಕ ಪೆಟ್ಟಿಗೆಯಲ್ಲಿ ಬಂದವು. ಒಂದೇ ದಿನ ಎಷ್ಟೋ ಪೆಟ್ಟಿಗೆ.

"ಮಣ್ಣು ಯಾರು ಕೊಟ್ಟರು?" ಎಂದು ನಾನು ಕೇಳಿದೆ.

ಸಲಿಕೆಯಿಂದ ಮುಚ್ಚಿದೆವು ಎಂದ. ಅವರವರ ಕಡೆಯವರು ಯಾರೂ ಇರಲಿಲ್ಲ.

ನಾನು ಇದ್ದದ್ದನ್ನೇ ಬರೆಯುತ್ತೇನೆ. ಆ ಮಾತು ಕೇಳಿದಾಗ ನನ್ನ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ರಸೂಲ್ ಕೊಟ್ಟ ಮೂರು ಹಿಡಿ ಮಣ್ಣು ಎಲ್ಲೋ ಮೇಲಿನ ಸೀಮೆಯಲ್ಲಿ ಉಳಿದುಹೋಗಿದೆ. ಈ ಕುಣಿಗೆ ಇನ್ನೂ ಯಾರೂ ಮಣ್ಣು ಕೊಟ್ಟಿಲ್ಲ. ಮೊದಲ ಹಿಡಿ ಬಾಕಿ ಇದೆ, ಅದು ನನ್ನದು.

ತಿರುಗಿ ನೋಡಿದರೆ ರಸೂಲ್ ಕೂತಲ್ಲೇ ಕುಸಿದಿದ್ದ. ಎರಡೂ ಕೈ ನೆಲಕ್ಕೆ ಊರಿದ್ದ.

"ನಿಮ್ಮವ್ವಗ ಏನು ಹೇಳಲಿ? ಕುಂತಂಗ ಅದಾನ ಅಂತ ಹೇಳಿ ಬಂದೀನಿ" ಎಂದ. "ಮೊಣಕಾಲು ಮಡಚಾಕ ಬರಲಿಲ್ಲೋ. ಜೀವ ಹೋಗಿ ಭಾಳ ಹೊತ್ತಾಗಿತ್ತು. ಎಷ್ಟು ಕಷ್ಟಪಟ್ಟು ಕೂಡ್ರಿಸಿದ್ದೆ."

ಈ ಮಾತನ್ನು ಅವನು ಏಳು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಮೊಣಕಾಲುಗಳ ಮೇಲೆ ಹೊಟ್ಟೆಕಿಚ್ಚು ಪಡಲು ನನಗೆ ಆಗಲಿಲ್ಲ. ಅದು ನನ್ನ ಪಾಲಿಗೆ ಬಂದಿದ್ದರೆ ನನ್ನ ಕೈಲಿ ಆಗುತ್ತಿತ್ತೇ?

ಅವನು ನೆಲಕ್ಕೆ ಊರಿದ್ದ ಕೈ ಎತ್ತಿ ಗಂಟನ್ನು ನನ್ನ ಮುಂದಿಟ್ಟ. "ತಗೊ ಶಾನಭೋಗ. ನೀ ಕೊಡು."

"ಮೊದಲು ಆ ಹೆಸರು ಬಿಡ್ರಿ" ಎಂದೆ. "ಹಡಗಿನಿಂದಲೂ ಆಡ್ಕೊಳ್ಳಾಕತ್ತೀರಿ."

ಅವನು ತಲೆ ಎತ್ತಿದ. "ಅದು ನಾ ಇಟ್ಟ ಹೆಸರಲ್ಲೋ. ಈರಣ್ಣ ಇಟ್ಟದ್ದು. ನಿನ್ನ ಕಾಗದ ಬರ್ತಿದ್ವಲ್ಲ, ಎಮ್ಮಿ ಎಷ್ಟು ಹಾಲು ಕೊಡ್ತು, ಯಾವ ವಾರ ಮಳಿ ಆತು, ಅವ್ವ ಎಷ್ಟು ಸಲ ಅತ್ತಳು. ನಮ್ಮ ಶಾನಭೋಗನ ಕಾಗದ ಬಂತು ಬರ್ರಲೇ ಅಂತ ಕೂಗಾಂವ. ಎಲ್ಲಾರೂ ಸುತ್ತ ಕುಂದರತಿದ್ವಿ. ಪಂಜಾಬಿನವರಿಗೂ ಹಿಂದೂಸ್ತಾನ್ಯಾಗ ಹೇಳಾಂವ. ನಿಮ್ಮ ಎಮ್ಮಿ ಗಬ್ಬ ಆತಂದ್ರ ಇಡೀ ಪಡಿಗೆ ಗೊತ್ತು."

ನಾನು ಫಲಕದ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದೆ.

"ಯಾಕ ಹೇಳಲಿಲ್ಲ ಅಂತೀಯಾ?" ಎಂದ. "ನನಗ ಮೂರು ವರ್ಸದಾಗ ಒಂದು ಕಾಗದ ಬರಲಿಲ್ಲ. ಬರಿಯಾಕ ಬರೋರು ಮನ್ಯಾಗ ಯಾರೂ ಇಲ್ಲ. ನಿನ್ನ ಕಾಗದ ಬಂದ ದಿನ ಅಂವ ನನ್ನ ಮರತು ಬಿಡ್ತಿದ್ದ. ಹೊಟ್ಟಿ ಉರೀತಿತ್ತು. ಆ ಉರಿ ಹೋಗ್ಯದ ಅಂತ ಮಾಡಿದ್ದೆ. ಹೋಗಿಲ್ಲ."

ಗುಲಾಬಿ ಗಿಡದ ಬುಡಕ್ಕೆ ಮಾಲಿ ನೀರು ಹಾಕುವ ಸದ್ದು ಕೇಳುತ್ತಿತ್ತು. ನಾನು ಗಂಟು ಬಿಚ್ಚಿದೆ. ಮೊದಲ ಹಿಡಿ ನಾನೇ ಕೊಟ್ಟೆ. ಅದನ್ನು ಬಿಟ್ಟುಕೊಡುವಷ್ಟು ದೊಡ್ಡವನು ನಾನಲ್ಲ. ಕೆಂಪು ನೆಲದ ಮೇಲೆ ನಮ್ಮ ಹೊಲದ ಕಪ್ಪು ಮಣ್ಣು ಅಂಗೈಯಗಲ ಕೂತಿತು. ಆಮೇಲೆ ಬಟ್ಟೆಯನ್ನು ರಸೂಲನತ್ತ ಹಿಡಿದೆ.

"ನಾ ಆಗಲೇ ಕೊಟ್ಟೀನಿ" ಎಂದ.

"ಅದು ಅಲ್ಲಿದು. ಇದು ಇಲ್ಲಿದು. ಕೊಡು ರಸೂಲಣ್ಣ."

ಅವನು ನನ್ನ ಮುಖ ನೋಡಿದ. ಮೂರು ಹಿಡಿ ಕೊಟ್ಟ. ಮೂರನೆಯದು ಕೊಡುವಾಗ, "ಕಡಿಮಿ ಬಿದ್ರ ನನ್ನ ದವಡ್ಯಾಗ ಒಂಚೂರು ಉಳದೈತಿ" ಎಂದ. ಇಬ್ಬರೂ ನಕ್ಕೆವು. ಮಣ್ಣಿನಲ್ಲಿ ನಗಬಾರದು ಎಂಬುದೂ ನಮ್ಮ ಕಡೆ ಇದೆ.

ಮತ್ತೆ ಅವನು ಫಲಕದ ಹತ್ತಿರ ಬಾಯಿಟ್ಟು ರಂಗೂನಿನ ವರದಿ ಒಪ್ಪಿಸಿದ. ಗುಡಿ, ಕೆರೆ, ಚುಟ್ಟ ಸೇದುವ ಹೆಂಗಸರು, ಮೀಸೆಯವನಿಗೆ ನಾನು ಬೈದದ್ದು. ನಡುವೆ ತಾರೀಖು ತಪ್ಪಿದ. ನಾನು ತಿದ್ದಿದೆ. ಅವ್ವನಿಗೆಂದು ಅಲ್ಲಿಯ ಕೆಂಪು ಮಣ್ಣನ್ನು ಅದೇ ಬಟ್ಟೆಯಲ್ಲಿ ಕಟ್ಟಿಕೊಂಡೆವು. ಈ ಸಲ ಗಂಟು ನನ್ನ ಕೈಯಲ್ಲಿತ್ತು.

ಏಳುವಾಗ ರಸೂಲ್, "ಬರ್ತೀವಲೇ ಈರಾ" ಎಂದ.

"ಹಂಗನಬಾರದು" ಎಂದೆ.

"ಯಾಕ? ಒಂದಿನ ಬರೂದು ಐತಲ್ಲ."

ಗೇಟಿನ ಹತ್ತಿರ ಅವನನ್ನು ಮುಂದೆ ಬಿಟ್ಟು, ನಾನೂ ತಿರುಗಿ ಆ ಮಾತನ್ನು ಹೇಳಿದೆ. ಅವನಿಗೆ ಕೇಳದಷ್ಟು ಮೆಲ್ಲಗೆ.

ಮದರಾಸಿನ ಬಂದರು

ಮರಳುವ ಹಡಗಿನಲ್ಲಿ ನನಗೆ ವಾಂತಿಯಾಗಲಿಲ್ಲ. ಹಡಗಿನ ಲೆಕ್ಕವನ್ನು ಈ ಸಲ ನಿಜವಾಗಿಯೇ ಇಟ್ಟೆ, ಐದು ಕಂಡವು. ಅವ್ವನಿಗೆ ಏನು ಹೇಳುವುದೆಂದು ಅಟ್ಟದ ಮೇಲೆ ಇಬ್ಬರೂ ಕೂತು ಮಾತಾಡಿಕೊಂಡೆವು. ಕುಂತಂಗ ಅದಾನ ಎಂದೇ ಹೇಳುವುದು ಎಂದು ರಸೂಲ್, ಇದ್ದದ್ದನ್ನು ಹೇಳುವುದು ಎಂದು ನಾನು. ಮದರಾಸು ಕಾಣುವ ಹೊತ್ತಿಗೆ ನಾನು ಸೋತಿದ್ದೆ. ಆದರೆ ಹೇಳುವುದು ನಾನೇ ಎಂದು ಒಪ್ಪಂದವಾಗಿತ್ತು.

ಸುಂಕದ ಕಟ್ಟೆಯಲ್ಲಿ ಕನ್ನಡಕದ ಅಧಿಕಾರಿ ನನ್ನ ಟ್ರಂಕು ತೆರೆಸಿದ. ಗಂಟಿನ ಮೇಲೆ ಕೈ ಇಟ್ಟ. ಪಕ್ಕದಲ್ಲಿ ರಸೂಲ್ ತೋಳು ಮಡಚುವುದು ನನಗೆ ಕಾಣಿಸಿತು. ಈ ಸಲ ಅವನಿಗೆ ಬಿಟ್ಟುಕೊಡುವ ಮಾತೇ ಇರಲಿಲ್ಲ. ಗಂಟು ಕಸಿದು ಬಿಚ್ಚಿ, ಎರಡು ಬೆರಳು ತುಂಬ ಮಣ್ಣು ತೆಗೆದು, "ಹಲ್ಲುಪುಡಿ" ಎನ್ನುತ್ತ ಮೇಲಿನ ಸಾಲು, ಕೆಳಗಿನ ಸಾಲು, ಹಿಂದಿನ ದವಡೆ, ಎಲ್ಲ ತಿಕ್ಕಿದೆ. ಉಗುಳಲಿಲ್ಲ.

ಅಧಿಕಾರಿ ಕನ್ನಡಕ ತೆಗೆದು ನೋಡಿದ.

"ಮಣ್ಣನ್ನು ಯಾಕಯ್ಯಾ ತಿನ್ನುತ್ತೀ?" ಎಂದು ತೆಲುಗಿನಲ್ಲಿ ಕೇಳಿದ. "ಆ ಸಮಾಧಿ ಜಾಗದ್ದು ತಾನೇ? ಹೋದ ತಿಂಗಳು ಒಬ್ಬಳು ತಾಯಿ ಡಬ್ಬಿ ತುಂಬ ತಂದಿದ್ದಳು. ತಗೊಂಡು ಹೋಗು, ಯಾರು ಬೇಡ ಅಂದರು?"

ಹೊರಗೆ ಬಂದ ಮೇಲೆ ರಸೂಲ್ ಟ್ರಂಕಿನ ಮೇಲೆ ಕೂತು ಕಣ್ಣೊರೆಸಿಕೊಂಡು ಕಣ್ಣೊರೆಸಿಕೊಂಡು ನಕ್ಕ.

"ಕೇಳೂಕಿಂತ ಮೊದಲ ತಿಂದ್ಯಲ್ಲೋ ಶಾನಭೋಗ. ಹೆಂಗೈತಿ ರುಚಿ?"

ನಾನು ಹೇಳಲಿಲ್ಲ. ಅವನಿಗೆ ಸಿಕ್ಕಿದ್ದು ನಮ್ಮ ಹೊಲದ ಮಣ್ಣು. ನಾನು ತಿಂದದ್ದು ಅಣ್ಣನ ಮೇಲಿನ ಮಣ್ಣು. ಅದರ ರುಚಿ ಈ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತು.